ಮೂಗಿಗೆ ಸಿಗದ ಕೆಡುಕು

2015ರ ಏಪ್ರಿಲ್ ತಿಂಗಳ ಒಂದು ಭಾನುವಾರ ಅಮೆರಿಕದ ಒಹಾಯೊ ರಾಜ್ಯದ ಲ್ಯಾಂಕಾಸ್ಟರ್ ಎಂಬ ಊರಿನ ಚರ್ಚಿನಲ್ಲಿ ಸಹಭೋಜನವಿತ್ತು. ಮನೆಗೊಂದು ಅಡುಗೆ ಮಾಡಿ ತಂದು ಎಲ್ಲರೂ ಹಂಚಿಕೊಂಡು ಉಣ್ಣುವ ಪದ್ಧತಿ ಅಲ್ಲಿಯದು. ಆವತ್ತು ಬಂದ ಪಾತ್ರೆಗಳಲ್ಲಿ ಆಲೂಗಡ್ಡೆ ಸಲಾಡ್ ಕೂಡ ಇತ್ತು. ಒಂದೆರಡು ದಿನ ಕಳೆದದ್ದೇ ಉಂಡವರಲ್ಲಿ ಕೆಲವರು ಆಸ್ಪತ್ರೆ ಸೇರತೊಡಗಿದರು. ಒಟ್ಟು 29 ಮಂದಿ ಕಾಯಿಲೆ ಬಿದ್ದರು, ಒಬ್ಬರು ತೀರಿಕೊಂಡರು. ತನಿಖೆ ಬಂದು ನಿಂತದ್ದು ಸಲಾಡಿಗೆ ಬಳಸಿದ ಆಲೂಗಡ್ಡೆಯ ಹತ್ತಿರ. ಮನೆಯಲ್ಲೇ ಗಾಜಿನ ಬಾಟಲಿಗೆ ತುಂಬಿ, ಕುದಿಯುವ ನೀರಿನಲ್ಲಿ ಬೇಯಿಸಿ, ಮುಚ್ಚಳ ಬಿಗಿದಿಟ್ಟಿದ್ದ ಆಲೂಗಡ್ಡೆ ಅದು. ಕಾಯಿಲೆಯ ಹೆಸರು ಬೊಟುಲಿಸಂ.

ಈ ಸುದ್ದಿಯನ್ನು ಸಾಗರದ ಕಡೆಯ ನನ್ನ ಅತ್ತೆಗೆ ಹೇಳಿದಾಗ ಅವರು ನಂಬಲಿಲ್ಲ. "ಬೇಯಿಸಿ ಇಟ್ಟಿದ್ದು ಕೆಡುತ್ತಾ? ಕೆಟ್ಟರೆ ವಾಸನೆ ಬರಲ್ವಾ?" ಎಂದರು. ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಅವರ ಉಗ್ರಾಣದ ಕತ್ತಲೆ ಮೂಲೆಯಲ್ಲಿ ಬೇಯಿಸದೆ ಹಾಕಿದ ಮಿಡಿ ಉಪ್ಪಿನಕಾಯಿ ಇದೆ, ಹೋದ ವರ್ಷದ್ದೂ ಇದೆ, ಅದರ ಹಿಂದಿನ ವರ್ಷದ್ದೂ ಇದೆ. ಅದನ್ನು ತಿಂದು ಆ ಮನೆಯಲ್ಲಿ ಯಾರೂ ಮಲಗಿಲ್ಲ. ಹಸಿಯಾಗಿ ಹಾಕಿದ ಮಾವು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ, ಬೇಯಿಸಿ ಗಾಳಿಯಾಡದಂತೆ ಮುಚ್ಚಿದ ಆಲೂಗಡ್ಡೆ ಜೀವ ತೆಗೆಯುತ್ತದೆ. ಮನೆಯಲ್ಲಿ ಆಹಾರ ಕೂಡಿಡುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಇದನ್ನೇ. ಈಗಂತೂ ಪೇಟೆಯ ಅಡುಗೆಮನೆಗಳಲ್ಲಿ ಭರಣಿಯ ಜಾಗಕ್ಕೆ ಗಾಜಿನ ಬಾಟಲಿಗಳು ಬಂದಿವೆ. ಟೊಮೆಟೊ ಅಗ್ಗವಾದಾಗ ಪ್ಯೂರಿ ಮಾಡಿ ತುಂಬುವವರು, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿಡುವವರು, ಮೊಬೈಲಿನಲ್ಲಿ ನೋಡಿದ ಯಾವುದೋ ದೇಶದ ವಿಧಾನವನ್ನು ಹಳೆ ಹಾರ್ಲಿಕ್ಸ್ ಬಾಟಲಿಯಲ್ಲಿ ಪ್ರಯೋಗ ಮಾಡುವವರು ಹೆಚ್ಚಾಗಿದ್ದಾರೆ. ಆದರೆ ಅದು ಕೆಟ್ಟಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಎಲ್ಲರೂ ನೆಚ್ಚಿಕೊಂಡಿರುವುದು ಅಜ್ಜಿಯಿಂದ ಬಂದ ಮೂಗನ್ನೇ. ಆ ಮೂಗು ಪಳಗಿದ್ದು ಭರಣಿಯ ಮೇಲೆ. ಬಾಟಲಿಯ ಮುಂದೆ ಅದರ ಆಟ ನಡೆಯದು.

ಭರಣಿಯ ಒಳಗೆ

ಮಿಡಿ ಉಪ್ಪಿನಕಾಯಿಯನ್ನೇ ತೆಗೆದುಕೊಳ್ಳಿ. ಅಘನಾಶಿನಿ, ಶರಾವತಿ, ವರದಾ ನದಿಗಳ ಕಡೆ ಹೊಳೆದಂಡೆಗಳಲ್ಲಿ, ಕಾಡಂಚಿನಲ್ಲಿ ಬೆಳೆಯುವ ಅಪ್ಪೆಮಿಡಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅದರಲ್ಲಿ ಜೀರಿಗೆಯ ಪರಿಮಳದ್ದು, ಕರ್ಪೂರದ ಪರಿಮಳದ್ದು, ಅನಂತಭಟ್ಟನ ಅಪ್ಪೆ ಎಂದು ಹೆಸರು ಪಡೆದದ್ದು ಹೀಗೆ ಮರಮರಕ್ಕೂ ಒಂದೊಂದು ಗುಣ. ರಿಪ್ಪನ್‌ಪೇಟೆ, ಸಾಗರ, ಶಿರಸಿ ಕಡೆ ಮಾರಾಟಕ್ಕೆ ಬರುವಾಗ ನೂರರ ಲೆಕ್ಕದಲ್ಲಿ ಎಣಿಸಿ ಕೊಡುತ್ತಾರೆ. ಕೊಳ್ಳುವವರು ಮೊದಲು ನೋಡುವುದು ತೊಟ್ಟನ್ನು. ತೊಟ್ಟಿಲ್ಲದ ಮಿಡಿಯನ್ನು ಬದಿಗೆ ಸರಿಸುತ್ತಾರೆ, ನೆಲಕ್ಕೆ ಬಿದ್ದು ಪೆಟ್ಟಾದದ್ದನ್ನು ಕೈಯಲ್ಲೂ ಹಿಡಿಯುವುದಿಲ್ಲ. ಮರ ಹತ್ತಿದವನು ಕೊಯ್ದ ಮಿಡಿಯನ್ನು ಕೆಳಗೆ ಎಸೆಯದೆ ಚೀಲದಲ್ಲೋ ಬುಟ್ಟಿಯಲ್ಲೋ ಹಗ್ಗ ಕಟ್ಟಿ ಇಳಿಸುತ್ತಾನೆ. ಇದನ್ನು ಬರೀ ಶಾಸ್ತ್ರ ಎಂದುಕೊಳ್ಳಬಾರದು. ಪೆಟ್ಟಾದ ಜಾಗದಲ್ಲಿ ಸಿಪ್ಪೆ ಒಡೆದಿರುತ್ತದೆ, ಉಪ್ಪು ಒಳಗಿಳಿಯುವ ಮೊದಲೇ ಅಲ್ಲಿ ಕೊಳೆಯುವ ಕೆಲಸ ಶುರುವಾಗಿರುತ್ತದೆ. ತೊಟ್ಟು ಕಿತ್ತುಹೋದರೆ ಸೊನೆ ಸೋರಿಹೋಗುತ್ತದೆ, ಪರಿಮಳ ಇರುವುದೇ ಆ ಸೊನೆಯಲ್ಲಿ.

ಮಿಡಿಯನ್ನು ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕುತ್ತಾ ಹೋಗುತ್ತಾರೆ. ದಿನಾ ಒಮ್ಮೆ ಮಗುಚುತ್ತಾರೆ. ಉಪ್ಪು ಮಿಡಿಯೊಳಗಿನ ನೀರನ್ನು ಎಳೆದುಕೊಂಡು ತಾನೇ ಕರಗಿ ನೀರಾಗುತ್ತದೆ, ಮಿಡಿ ಮುರುಟುತ್ತದೆ. ಆಮೇಲೆ ಆ ಉಪ್ಪುನೀರನ್ನು ಬಸಿದು, ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ, ಒಣಮೆಣಸು, ಅರಿಶಿನ ಬೀಸಿ ಕಲಸುತ್ತಾರೆ. ಕುತ್ತಿಗೆವರೆಗೆ ತುಂಬಿ, ಮೇಲೊಂದು ಪದರ ಉಪ್ಪು ಹರಡಿ, ಮುಚ್ಚಳ ಇಟ್ಟು, ಬಾಯಿಗೆ ಬಟ್ಟೆ ಕಟ್ಟುತ್ತಾರೆ.

ಈ ಭರಣಿಯೊಳಗೆ ಏಕಕಾಲಕ್ಕೆ ಎರಡು ಕಾವಲು ಇವೆ. ಒಂದು ಹುಳಿ. ಆಹಾರದ ಹುಳಿಯನ್ನು ಅಳೆಯುವ ಪಿಎಚ್ ಎಂಬ ಮಾನದಲ್ಲಿ 4.6 ಎಂಬುದು ಗಡಿ. ಅದಕ್ಕಿಂತ ಕೆಳಗಿದ್ದರೆ, ಅಂದರೆ ಹುಳಿ ಹೆಚ್ಚಿದ್ದರೆ, ಬೊಟುಲಿಸಂ ತರುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಬ್ಯಾಕ್ಟೀರಿಯಾ ಬೆಳೆಯಲಾರದು, ವಿಷ ಮಾಡಲಾರದು. ಮಾವಿನ ಮಿಡಿ ಆ ಗಡಿಯಿಂದ ಬಹಳ ಕೆಳಗಿದೆ. ಇನ್ನೊಂದು ಉಪ್ಪು. ಉಪ್ಪು ಸೂಕ್ಷ್ಮಜೀವಿಯನ್ನು ನೇರವಾಗಿ ಕೊಲ್ಲುವುದಕ್ಕಿಂತ ಹೆಚ್ಚಾಗಿ ಅದಕ್ಕೆ ಕುಡಿಯಲು ನೀರು ಸಿಗದಂತೆ ಮಾಡುತ್ತದೆ. ನೀರು ಕಣ್ಣಿಗೆ ಕಾಣುತ್ತಿದ್ದರೂ ಉಪ್ಪು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ನೀರಿನಲ್ಲಿ ಉಪ್ಪು ಶೇ 10 ಮುಟ್ಟಿದರೆ ಬೊಟುಲಿನಂ ಕೈಚೆಲ್ಲುತ್ತದೆ. ನಮ್ಮ ಆಹಾರ ಸುರಕ್ಷತಾ ನಿಯಮಗಳಲ್ಲಿ ಉಪ್ಪುನೀರಿನ ಉಪ್ಪಿನಕಾಯಿಗೆ ಕನಿಷ್ಠ ಶೇ 12 ಉಪ್ಪು ಇರಬೇಕೆಂದು ಇದೆ. ಮಲೆನಾಡಿನ ಮನೆಗಳ ಸೇರಿನ ಅಳತೆ ಇದಕ್ಕಿಂತ ಧಾರಾಳವಾಗಿಯೇ ಇರುತ್ತದೆ.

ಬೀಸಿದ ಸಾಸಿವೆಯ ಪಾತ್ರವೂ ಸಣ್ಣದಲ್ಲ. ಹಸಿ ಸಾಸಿವೆಯನ್ನು ನೀರು ಹಾಕಿ ಅರೆದಾಗ ಮೂಗಿಗೆ ಹೊಡೆಯುವ ಘಾಟು ಬರುತ್ತದಲ್ಲ, ಆ ಘಾಟಿನ ಅಂಶಕ್ಕೆ ಬೂಷ್ಟನ್ನೂ ಬ್ಯಾಕ್ಟೀರಿಯಾವನ್ನೂ ತಡೆಯುವ ಗುಣವಿದೆ. ಸಾಸಿವೆಯನ್ನು ಚೆನ್ನಾಗಿ ಹುರಿದುಬಿಟ್ಟರೆ ಆ ಘಾಟು ಹುಟ್ಟಿಸುವ ಕಿಣ್ವವೇ ಸತ್ತುಹೋಗುತ್ತದೆ. ಪೇಟೆಯ ಕೆಲವು ಪಾಕವಿಧಾನಗಳಲ್ಲಿ "ಸಾಸಿವೆ ಘಮ್ಮೆನ್ನುವ ತನಕ ಹುರಿಯಿರಿ" ಎಂದು ಓದಿದಾಗ ನನಗೆ ಸ್ವಲ್ಪ ಬೇಸರವಾಗುತ್ತದೆ. ರುಚಿಗೆ ಅದು ಸರಿಯಿರಬಹುದು, ಬಾಳಿಕೆಗೆ ಅಲ್ಲ.

ಭರಣಿ ಕೆಟ್ಟರೆ ಹೇಗೆ ಕೆಡುತ್ತದೆ? ಮೇಲಿನಿಂದ ಕೆಡುತ್ತದೆ, ಎದುರಿಗೇ ಕೆಡುತ್ತದೆ. ಯಾರೋ ಒದ್ದೆ ಸೌಟು ಹಾಕಿದರು, ಮಳೆಗಾಲದ ಗಾಳಿ ಮುಚ್ಚಳದ ಸಂದಿಯಲ್ಲಿ ನುಸುಳಿತು ಎಂದರೆ ಮೇಲಿನ ಅಂಗುಲದಲ್ಲಿ ಉಪ್ಪು ತೆಳುವಾಗುತ್ತದೆ. ಅಲ್ಲಿ ಬಿಳಿ ಕೆನೆಯಂಥ ಪದರ ಕಟ್ಟುತ್ತದೆ, ಅದರ ಮೇಲೆ ಬೂಷ್ಟು ಬರುತ್ತದೆ, ಮುಗ್ಗಲು ವಾಸನೆ ಹೊಡೆಯುತ್ತದೆ. ಅತ್ತೆಯ "ಒದ್ದೆ ಸೌಟು ಹಾಕಡ" ಎಂಬ ಗದರಿಕೆ ಈ ಮೇಲಿನ ಅಂಗುಲವನ್ನು ಕಾಯುವುದಕ್ಕೇ ಇದೆ. ದಿನಬಳಕೆಗೆ ಸಣ್ಣ ಜಾಡಿಗೆ ಸ್ವಲ್ಪ ತೆಗೆದಿಟ್ಟುಕೊಂಡು ದೊಡ್ಡ ಭರಣಿಯನ್ನು ಅಪರೂಪಕ್ಕೆ ಮಾತ್ರ ಬಿಚ್ಚುವುದೂ ಅದಕ್ಕೇ. ಆ ಬಿಳಿ ಕೆನೆಯನ್ನು ಕಡೆಗಣಿಸಬಾರದು. ಅದು ಒಂದು ಬಗೆಯ ಯೀಸ್ಟ್. ತಾನಾಗಿ ಅದು ವಿಷವಲ್ಲ, ಆದರೆ ಅದು ಹುಳಿಯನ್ನೇ ತಿಂದು ಬದುಕುತ್ತದೆ. ಹುಳಿ ಇಳಿದಂತೆ ಬೇರೆಯವಕ್ಕೆ ಬಾಗಿಲು ತೆರೆಯುತ್ತದೆ. ತೆಳ್ಳಗೆ ಕಂಡಾಗಲೇ ತೆಗೆದು, ಉಪ್ಪು ಸರಿಮಾಡಿದರೆ ಭರಣಿ ಉಳಿಯುತ್ತದೆ. ಮಿಡಿ ಲೋಳೆಯಾಗಿದ್ದರೆ, ಬೂಷ್ಟು ಬಣ್ಣಬಣ್ಣವಾಗಿ ಒಳಕ್ಕಿಳಿದಿದ್ದರೆ ಆ ಭರಣಿಯ ಆಸೆ ಬಿಡಬೇಕು.

ಇನ್ನು ಉಪ್ಪಿನಕಾಯಿ ಕಪ್ಪಾಗುವುದು, ಮಿಡಿಯ ಕರಕರ ಹೋಗಿ ಮೆತ್ತಗಾಗುವುದು ಬೇರೆ ವಿಷಯ. ಅದು ಮುಪ್ಪು. ಗಾಳಿ, ಬೆಳಕು, ಸೆಕೆ ಮೂರೂ ಸೇರಿ ಬಣ್ಣ ತೆಗೆಯುತ್ತವೆ, ಕಾಯಿಯನ್ನು ಗಟ್ಟಿಯಾಗಿ ಹಿಡಿದಿದ್ದ ಪೆಕ್ಟಿನ್ ಸಡಿಲವಾಗುತ್ತದೆ. ತಿಂದರೆ ತೊಂದರೆಯಿಲ್ಲ. ಹಳೆಯ ನಿಂಬೆ ಉಪ್ಪಿನಕಾಯಿ ಮಸಿಯಂತೆ ಕಪ್ಪಾಗಿದ್ದಷ್ಟೂ ಒಳ್ಳೆಯದೆಂದು ಹೊಟ್ಟೆ ಕೆಟ್ಟವರಿಗೆ ಗಂಜಿಯ ಜೊತೆ ಹಾಕಿಕೊಡುವ ಮನೆಗಳು ಈಗಲೂ ಇವೆ. ಬಾಳಿಕೆ ಎಂಬುದರಲ್ಲಿ ಹೀಗೆ ಎರಡು ಲೆಕ್ಕ ಇದೆ. ರುಚಿ ಎಲ್ಲಿಯವರೆಗೆ ಎಂಬುದೊಂದು, ತಿನ್ನಲು ಎಲ್ಲಿಯವರೆಗೆ ಎಂಬುದೊಂದು. ಅಂಗಡಿಯ ಪೊಟ್ಟಣದ ಮೇಲೆ 'ಇಷ್ಟರೊಳಗೆ ಬಳಸಿದರೆ ಉತ್ತಮ' ಎಂದು ಅಚ್ಚಾಗಿರುವ ತಾರೀಖು ಬಹುಪಾಲು ಮೊದಲನೆಯ ಲೆಕ್ಕದ್ದು.

ಎರಡು ಕಾವಲಿನಲ್ಲಿ ಒಂದೇ ಉಳಿದಾಗ ಏನಾಗುತ್ತದೆ ಎಂಬುದಕ್ಕೆ ಕರಾವಳಿಯ ಉಪ್ಪುಸೊಳೆ ಒಳ್ಳೆಯ ಉದಾಹರಣೆ. ತುಳುವಿನಲ್ಲಿ ಉಪ್ಪಡ್ ಪಚ್ಚಿಲ್. ಬಲಿತ ಹಲಸಿನಕಾಯಿಯ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟು ಮಳೆಗಾಲದಲ್ಲಿ ನೀರಲ್ಲಿ ನೆನೆಸಿ, ಹಿಂಡಿ, ರೊಟ್ಟಿಗೋ ಪಲ್ಯಕ್ಕೋ ಬಳಸುತ್ತಾರೆ. ಮಾವಿನ ಮಿಡಿಯ ಹುಳಿ ಹಲಸಿನಕಾಯಿಯಲ್ಲಿಲ್ಲ. ಅದನ್ನು ಕಾಯುವುದು ಮುಖ್ಯವಾಗಿ ಉಪ್ಪು. ಹಾಗಾಗಿಯೇ ಬಾಯಿಗಿಡಲಾಗದಷ್ಟು ಉಪ್ಪು ಸುರಿಯುತ್ತಾರೆ, ತಿನ್ನುವಾಗ ತೆಗೆಯುತ್ತಾರೆ. "ನಮ್ಮ ಮನೆಯಲ್ಲಿ ಬಿಪಿ ಇದೆ, ಹಾಗಾಗಿ ಉಪ್ಪು ಅರ್ಧ ಮಾಡಿದ್ದೇವೆ" ಎಂದು ಹೇಳುವವರನ್ನು ಈಗ ಬಹಳ ನೋಡುತ್ತೇವೆ. ಬಿಪಿ ಇದ್ದರೆ ಉಪ್ಪಿನಕಾಯಿಯನ್ನು ಅರ್ಧ ತಿನ್ನಿ. ಭರಣಿಯ ಉಪ್ಪಿಗೆ ಕೈ ಹಾಕಬೇಡಿ. ಉಪ್ಪು ಕಡಿಮೆ ಮಾಡಿಯೇ ತೀರುವುದಾದರೆ ಅದು ಉಪ್ಪಿನಕಾಯಿ ಎಂಬ ಭ್ರಮೆ ಬಿಟ್ಟು, ಫ್ರಿಜ್‌ನಲ್ಲಿಟ್ಟು, ಬೇಗ ಮುಗಿಸುವ ಗೊಜ್ಜಿನ ಸಾಲಿಗೆ ಸೇರಿಸಿ.

ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನ ವಿಷಯ ಇಷ್ಟೊಂದು ಬೆಳೆಸಬೇಕಿಲ್ಲ. ಅವುಗಳ ಕಾವಲು ಒಣಗು ಒಂದೇ. ಮುರಿದಾಗ ಟಕ್ ಎನ್ನಬೇಕು, ಬಾಗಬಾರದು. ಮುಂಗಾರಿಗೆ ಮೊದಲೊಮ್ಮೆ ಬಿಸಿಲು ತೋರಿಸಿ ಡಬ್ಬಿಯ ಬಾಯಿ ಬಿಗಿ ಮಾಡಿದರೆ ಮುಗಿಯಿತು. ಶೇಂಗಾ ಚಟ್ನಿಪುಡಿಗೆ ಮಾತ್ರ ಒಂದು ಮಾತು. ಎಣ್ಣೆಯಂಶ ಇರುವುದರಿಂದ ಕಮಟು ವಾಸನೆ ಬೇಗ ಬರುತ್ತದೆ. ಬೂಷ್ಟು ಬಂದ ಶೇಂಗಾದಲ್ಲಿ ಯಕೃತ್ತಿಗೆ ಕೇಡು ಮಾಡುವ ಅಫ್ಲಟಾಕ್ಸಿನ್ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಗಾಳಿಯೇ ಇಲ್ಲದ ಕೋಣೆ

ಬಾಟಲಿಯ ಕಥೆ ಶುರುವಾಗುವುದು ಫ್ರಾನ್ಸಿನಲ್ಲಿ. ನಿಕೋಲಾ ಅಪ್ಪೇರ್ ಎಂಬ ಮಿಠಾಯಿ ತಯಾರಕ ದಪ್ಪ ಗಾಜಿನ ಬಾಟಲಿಗಳಲ್ಲಿ ತರಕಾರಿ, ಮಾಂಸ, ಹಾಲು ತುಂಬಿ, ಬಿರಡೆ ಜಡಿದು, ಕುದಿಯುವ ನೀರಿನಲ್ಲಿಟ್ಟು ತಿಂಗಳುಗಟ್ಟಲೆ ಉಳಿಸಿ ತೋರಿಸಿದ. ಅದಕ್ಕಾಗಿ ಅವನಿಗೆ ಸರ್ಕಾರ 12,000 ಫ್ರಾಂಕ್ ಬಹುಮಾನ ಕೊಟ್ಟಿತು, 1810ರಲ್ಲಿ ಅವನು ತನ್ನ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದ. ಅದು ಯಾಕೆ ಕೆಡುವುದಿಲ್ಲ ಎಂದು ಅವನಿಗೂ ಗೊತ್ತಿರಲಿಲ್ಲ. ಪಾಶ್ಚರ್ ಬಂದು ಸೂಕ್ಷ್ಮಜೀವಿಗಳ ಮಾತು ಹೇಳಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1858ರಲ್ಲಿ ಅಮೆರಿಕದ ಜಾನ್ ಮೇಸನ್ ತಿರುಪು ಮುಚ್ಚಳದ ಬಾಟಲಿಗೆ ಪೇಟೆಂಟ್ ಪಡೆದ ಮೇಲೆ ಈ ಕೆಲಸ ಕಾರ್ಖಾನೆಯಿಂದ ಮನೆಗೂ ಬಂತು. ಇಂದಿಗೂ ಅಮೆರಿಕದ ಹಳ್ಳಿಮನೆಗಳ ನೆಲಮಾಳಿಗೆಯಲ್ಲಿ ಬೀನ್ಸ್, ಪೀಚ್, ಟೊಮೆಟೊ ತುಂಬಿದ ಮೇಸನ್ ಬಾಟಲಿಗಳ ಸಾಲು ಕಾಣಸಿಗುತ್ತದೆ. ಅಲ್ಲಿಗೆ ಹೋಗಿ ನೆಲೆಸಿದ ನಮ್ಮವರೂ ಆಗಸ್ಟ್ ತಿಂಗಳಲ್ಲಿ ತೋಟದ ಟೊಮೆಟೊ ಮಿಕ್ಕಾಗ ಇದೇ ಬಾಟಲಿಗಳಿಗೆ ಗೊಜ್ಜು ತುಂಬುತ್ತಾರೆ.

ತೊಡಕಿರುವುದು ಬೊಟುಲಿನಂನ ಸ್ವಭಾವದಲ್ಲಿ. ಮಣ್ಣಿನಲ್ಲಿ ಎಲ್ಲೆಲ್ಲೂ ಇರುವ ಈ ಬ್ಯಾಕ್ಟೀರಿಯಾ ಕಷ್ಟಕಾಲದಲ್ಲಿ ಗಟ್ಟಿ ಬೀಜಾಣುವಾಗಿ ಕೂತುಬಿಡುತ್ತದೆ. ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಇಟ್ಟರೂ ಆ ಬೀಜಾಣು ಸಾಯದೆ ಉಳಿಯಬಲ್ಲದು. ಅದಕ್ಕೆ ಗಾಳಿ ಆಗದು. ಗಾಳಿಯಿಲ್ಲದ, ಹುಳಿಯಿಲ್ಲದ, ಉಪ್ಪು ಹೆಚ್ಚಿಲ್ಲದ, ನೀರಿನಂಶ ಇರುವ, ಬೆಚ್ಚಗಿನ ಜಾಗ ಸಿಕ್ಕರೆ ಬೀಜಾಣು ಮೊಳೆತು ವಿಷ ಮಾಡತೊಡಗುತ್ತದೆ. ಲ್ಯಾಂಕಾಸ್ಟರಿನ ಆಲೂಗಡ್ಡೆ ಬಾಟಲಿಯಲ್ಲಿ ಇವೆಲ್ಲ ಒಟ್ಟಿಗೆ ಸಿಕ್ಕವು. ಕುದಿಸಿದ್ದರಿಂದ ಬೀಜಾಣುವಿನ ಪೈಪೋಟಿಗಾರರೆಲ್ಲ ಸತ್ತರು, ಮುಚ್ಚಳ ಚೆನ್ನಾಗಿ ಕೂತದ್ದರಿಂದ ಗಾಳಿ ಹೋಯಿತು. ಮುಚ್ಚಳ ಬಿಗಿಯಾಗಿದೆ, ಬೂಷ್ಟಿಲ್ಲ ಎಂದು ನಾವು ನೆಮ್ಮದಿಪಡುವ ಬಾಟಲಿಯೇ ಅದಕ್ಕೆ ಹೇಳಿಮಾಡಿಸಿದ ಮನೆ.

ಆ ವಿಷಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕೆಲವು ಸಲ ಬಾಟಲಿ ಉಬ್ಬುತ್ತದೆ, ನೊರೆ ಬರುತ್ತದೆ, ಕೆಟ್ಟ ನಾತ ಬರುತ್ತದೆ. ಕೆಲವು ಸಲ ಏನೂ ಆಗುವುದಿಲ್ಲ. "ನಾಲಿಗೆಗೆ ಒಂಚೂರು ಹಚ್ಚಿ ನೋಡಿದೆ, ಸರಿ ಇದೆ" ಎಂಬ ನಮ್ಮ ಅಡುಗೆಮನೆಯ ಅತಿ ಸಹಜವಾದ ಪರೀಕ್ಷೆ ಇಲ್ಲಿ ಅತಿ ಅಪಾಯದ್ದು. ಆ ಒಂಚೂರೇ ಸಾಕಾಗಬಹುದು.

ಹುಳಿಯಿಲ್ಲದ ಪದಾರ್ಥಗಳನ್ನು, ಅಂದರೆ ಬೀನ್ಸ್, ಆಲೂಗಡ್ಡೆ, ಜೋಳ, ಕ್ಯಾರೆಟ್, ಮಾಂಸ, ಬೇಳೆ ಹಾಕಿದ ಸಾರು ಇವನ್ನೆಲ್ಲ, ಅಮೆರಿಕದಲ್ಲಿ ಒತ್ತಡದ ಕ್ಯಾನರ್‌ನಲ್ಲಿ ಸುಮಾರು 116 ಡಿಗ್ರಿ ಸೆಲ್ಸಿಯಸ್ ಮೇಲಕ್ಕೆ ಏರಿಸಿ, ಪದಾರ್ಥಕ್ಕೂ ಬಾಟಲಿಯ ಗಾತ್ರಕ್ಕೂ ತಕ್ಕಂತೆ ಪರೀಕ್ಷಿಸಿ ಗೊತ್ತುಮಾಡಿದ ಹೊತ್ತು ಇಡುತ್ತಾರೆ. ಕಾರ್ಖಾನೆಯ ಲೆಕ್ಕದಲ್ಲಿ ಡಬ್ಬಿಯ ನಟ್ಟನಡುವೆ, ಎಲ್ಲಕ್ಕಿಂತ ತಡವಾಗಿ ಬಿಸಿಯಾಗುವ ಜಾಗದಲ್ಲಿ, 121 ಡಿಗ್ರಿ ಬಿಸಿ 3 ನಿಮಿಷವಾದರೂ ನಿಲ್ಲಬೇಕು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ಸೈನಿಕರಿಗಾಗಿ ಬೆಳೆಸಿದ, ಆಹಾರವನ್ನು ಪೊಟ್ಟಣದಲ್ಲೇ ಮುಚ್ಚಿ ಬಿಸಿ ಮಾಡುವ ರಿಟಾರ್ಟ್ ಪೌಚ್ ತಂತ್ರದ ಹಿಂದಿರುವುದೂ ಇದೇ ತತ್ವ. ಫ್ರಿಜ್ ಇಲ್ಲದೆ ಅಂಗಡಿಯ ಕಪಾಟಿನಲ್ಲಿ ಬಿಸಿಬೇಳೆಬಾತು ತಿಂಗಳುಗಟ್ಟಲೆ ಕೂತಿರುವುದು ಅದರ ಬಲದಿಂದ.

"ನಮ್ಮ ಕುಕ್ಕರ್ ಇದೆಯಲ್ಲ, ನಾಲ್ಕು ಕೂಗು ಕೂಗಿಸಿದರೆ ಆಯಿತು" ಎನ್ನುವವರಿದ್ದಾರೆ. ಬಿಸಿಯ ಮಟ್ಟಿಗೆ ಮಾತು ಪೂರ್ತಿ ಸುಳ್ಳಲ್ಲ, ನಮ್ಮ ಕುಕ್ಕರಿನ ಒತ್ತಡವೂ ಸುಮಾರು ಅಷ್ಟೇ. ಆದರೆ ಕ್ಯಾನರ್‌ನಲ್ಲಿ ಮೊದಲು 10 ನಿಮಿಷ ಹಬೆ ಬಿಟ್ಟು ಒಳಗಿನ ಗಾಳಿಯನ್ನೆಲ್ಲ ಹೊರಹಾಕಬೇಕು, ಆಮೇಲೆ ಒತ್ತಡ ಏರಬೇಕು, ಹೊತ್ತು ಮುಗಿದ ಮೇಲೆ ನಿಧಾನ ಇಳಿಯಬೇಕು. ಈ ಏರಿಳಿತದ ಹೊತ್ತೂ ಲೆಕ್ಕದಲ್ಲಿ ಸೇರಿದೆ. ಸಣ್ಣ ಕುಕ್ಕರ್ ಬೇಗ ಕಾದು ಬೇಗ ಆರುತ್ತದೆ, ಆದ್ದರಿಂದ ಕ್ಯಾನರ್‌ಗೆ ಗೊತ್ತುಮಾಡಿದ ನಿಮಿಷಗಳು ಅದಕ್ಕೆ ಹೊಂದುವುದಿಲ್ಲ. ಕುಕ್ಕರನ್ನು ಈ ಕೆಲಸಕ್ಕೆ ಬಳಸಬೇಡಿ ಎಂದೇ ಅಮೆರಿಕದ ಕೃಷಿ ಇಲಾಖೆಯ ಮಾರ್ಗಸೂಚಿ ಹೇಳುತ್ತದೆ. ಬರೀ ಕುದಿಯುವ ನೀರಿನಲ್ಲಿ ಮಾಡುವ ಹುಳಿ ಪದಾರ್ಥಗಳಿಗೂ ಬೆಂಗಳೂರಿನಂಥ ಊರಿನಲ್ಲಿ ಇನ್ನೊಂದು ಅಡ್ಡಿ ಇದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಮಾರ್ಗಸೂಚಿಯ ನಿಮಿಷಗಳು ಸಮುದ್ರಮಟ್ಟದವು, ಎತ್ತರದ ಊರಿನಲ್ಲಿ ಹೆಚ್ಚು ಹೊತ್ತು ಕುದಿಸಬೇಕು.

ಹಾಗಾದರೆ ನಮ್ಮ ಮನೆಗಳಲ್ಲಿ ಬಾಟಲಿಗೆ ಏನು ತುಂಬಬಹುದು? ಹುಳಿ ಇರುವುದನ್ನು, ಸಕ್ಕರೆ ಗಟ್ಟಿಯಾಗಿರುವುದನ್ನು. ಮುರುಗಲು ಅಥವಾ ಪುನರ್ಪುಳಿಯ ಸಕ್ಕರೆ ಪಾಕ, ನೆಲ್ಲಿಕಾಯಿ, ಅನಾನಸು, ಹುಳಿ ಮಾವಿನ ಜಾಮ್ ಎಲ್ಲ ನಿಶ್ಚಿಂತೆಯವು. ಜಾಮ್‌ನಲ್ಲಿ ಕರಗಿದ ಘನಾಂಶ ಶೇ 65 ಇರಬೇಕೆಂದು ಕಾನೂನೇ ಹೇಳುತ್ತದೆ, ಅಷ್ಟು ಸಕ್ಕರೆಯಲ್ಲಿ ನೀರು ಸೆರೆಯಾಗಿರುತ್ತದೆ. ಟೊಮೆಟೊ ಗಡಿಯ ಮೇಲೆ ನಿಂತ ಹಣ್ಣು. ತಳಿ, ಮಣ್ಣು, ಹಣ್ಣಾದ ಹದ ನೋಡಿಕೊಂಡು ಅದರ ಪಿಎಚ್ 4.6ರ ಈ ಕಡೆಗೂ ಆ ಕಡೆಗೂ ಸರಿಯುತ್ತದೆ. ಬಹಳ ಹಣ್ಣಾದಷ್ಟೂ ಹುಳಿ ಕಡಿಮೆ. ಕೋಲಾರದ ಮಾರುಕಟ್ಟೆಯಲ್ಲಿ ಬೆಲೆ ಬಿದ್ದಾಗ ಸಿಗುವುದು ಇಂಥ ಮಾಗಿದ ಹಣ್ಣೇ. ಹಾಗಾಗಿ ಒಂದು ಲೀಟರ್ ಪ್ಯೂರಿಗೆ ಎರಡು ದೊಡ್ಡ ಚಮಚ ನಿಂಬೆರಸ ಅಥವಾ ಅರ್ಧ ಚಹಾ ಚಮಚ ನಿಂಬೆಉಪ್ಪು ಹಾಕದೆ ಬಾಟಲಿ ಮುಚ್ಚಬಾರದು. ಅದಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಕ್ಯಾಪ್ಸಿಕಂ ಸೇರಿಸಿ ಸಾಸ್ ಮಾಡಿದರೆ ಹುಳಿ ಇನ್ನೂ ಇಳಿಯುತ್ತದೆ, ಆಗ ಈ ಲೆಕ್ಕವೂ ಸಾಲದು. ತೆಂಗಿನಕಾಯಿ ಅರೆದು ಹಾಕಿದ ಗೊಜ್ಜನ್ನಂತೂ ಬಾಟಲಿಯಲ್ಲಿ ಮುಚ್ಚಿ ಹೊರಗಿಡುವ ಯೋಚನೆಯೇ ಬೇಡ.

ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಕೆನಡಾದ ವ್ಯಾಂಕೂವರ್‌ನಲ್ಲಿ 1985ರಲ್ಲಿ ಒಂದು ಹೋಟೆಲಿನ ಊಟದಿಂದ 36 ಮಂದಿಗೆ ಬೊಟುಲಿಸಂ ಬಂತು, ಮೂಲ ಎಣ್ಣೆಯಲ್ಲಿಟ್ಟ ಹೆಚ್ಚಿದ ಬೆಳ್ಳುಳ್ಳಿ. ಬೆಳ್ಳುಳ್ಳಿ ಮಣ್ಣೊಳಗೆ ಬೆಳೆಯುತ್ತದೆ, ಅದಕ್ಕೆ ಹುಳಿಯಿಲ್ಲ, ಎಣ್ಣೆ ಅದಕ್ಕೆ ಗಾಳಿ ತಾಗದಂತೆ ಮಾಡುತ್ತದೆ. ನಮ್ಮ ಬೆಳ್ಳುಳ್ಳಿ ಉಪ್ಪಿನಕಾಯಿಯಲ್ಲಿ ಧಾರಾಳ ನಿಂಬೆಹುಳಿ, ಉಪ್ಪು ಇರುವುದರಿಂದ ಅದರ ಮಾತು ಬೇರೆ. ಹುಳಿಯಿಲ್ಲದೆ ಬರೀ ಎಣ್ಣೆಯಲ್ಲಿ ಬೇಯಿಸಿಟ್ಟ ಬೆಳ್ಳುಳ್ಳಿಯನ್ನು ಫ್ರಿಜ್‌ನಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಇಡಬಾರದು, ಹೊರಗಂತೂ ಇಡಲೇಬಾರದು. ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಂತಿರಬೇಕು ಎಂಬ ಮಾತು ಬೂಷ್ಟನ್ನು ತಡೆಯಲು ಮಾತ್ರ. ಹುಳಿ, ಉಪ್ಪು ಮಾಡುವ ಕೆಲಸ ಎಣ್ಣೆಯಿಂದ ಆಗದು. ಇದೆಲ್ಲ ಪರದೇಶದ ಕಾಯಿಲೆ ಎನ್ನುವ ಹಾಗೂ ಇಲ್ಲ. 1996ರಲ್ಲಿ ಗುಜರಾತಿನ ವಸತಿಶಾಲೆಯೊಂದರ ಮಕ್ಕಳಿಗೆ ಸೇವು ತಿಂದು ಇದೇ ವಿಷ ತಗುಲಿತ್ತು.

ಒಂದು ವರ್ಷ ಎಂದರೆ ಯಾವ ಊರಿನ ವರ್ಷ?

ಸರಿಯಾಗಿ ಮಾಡಿ ಮುಚ್ಚಿದ ಬಾಟಲಿಯನ್ನು ಎಷ್ಟು ದಿನ ಇಡಬಹುದು ಎಂಬ ಪ್ರಶ್ನೆಗೆ ಅಮೆರಿಕದ ಕೃಷಿ ಇಲಾಖೆಯ ಉತ್ತರ ಒಂದು ವರ್ಷ. ಎಲ್ಲರೂ ಅದನ್ನೇ ಹೇಳುತ್ತಾರೆ. ಆ ಒಂದು ವರ್ಷದ ಜೊತೆ ಇರುವ ಷರತ್ತನ್ನು ಮಾತ್ರ ಹೇಳುವುದಿಲ್ಲ. 10ರಿಂದ 21 ಡಿಗ್ರಿ ಸೆಲ್ಸಿಯಸ್‌ನ, ಕತ್ತಲೆಯ, ಒಣ ಜಾಗದಲ್ಲಿಟ್ಟರೆ ಒಂದು ವರ್ಷ. 35 ಡಿಗ್ರಿ ದಾಟುವ ಜಾಗದಲ್ಲಿ ಇಡಲೇಬಾರದು.

ಈಗ ನಮ್ಮ ಊರುಗಳನ್ನು ನೆನೆಯಿರಿ. ಬಿಸಿ 10 ಡಿಗ್ರಿ ಏರಿದರೆ ಆಹಾರದ ಬಣ್ಣ, ರುಚಿ, ಜೀವಸತ್ವ ಹಾಳಾಗುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಾಗೆ ನೋಡಿದರೆ ಅಲ್ಲಿಯ ನೆಲಮಾಳಿಗೆಯ ಒಂದು ವರ್ಷ ಬೆಂಗಳೂರಿನ ಅಡುಗೆಮನೆಯ ಕಪಾಟಿನಲ್ಲಿ ಆರೇಳು ತಿಂಗಳು. ಬೇಸಿಗೆಯಲ್ಲಿ 40 ದಾಟುವ ಕಲಬುರಗಿ, ರಾಯಚೂರಿನಲ್ಲಿ ಅದಕ್ಕಿಂತಲೂ ಕಡಿಮೆ. ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ, ಒಲೆಯ ಮೇಲಿನ ಗೂಡಿನಲ್ಲಿ ಬಿಸಿ 45ರ ಹತ್ತಿರ ಹೋದರೆ ಸೆಕೆಯನ್ನೇ ಇಷ್ಟಪಡುವ ಕೆಲವು ಬೀಜಾಣುಗಳು ಎದ್ದು ಕೂರುತ್ತವೆ. ಅವು ಗಾಳಿ ಬಿಡದೆ ಆಹಾರವನ್ನು ಹುಳಿ ಹಿಡಿಸುತ್ತವೆ, ಮುಚ್ಚಳ ಉಬ್ಬದೆ ಚಪ್ಪಟೆಯಾಗಿಯೇ ಇರುತ್ತದೆ. ಹಳೆ ಮನೆಗಳ ಉಗ್ರಾಣ ಮನೆಯ ನಟ್ಟನಡುವೆ, ಕಿಟಕಿಯಿಲ್ಲದೆ, ದಪ್ಪ ಮಣ್ಣಿನ ಗೋಡೆಯ ನಡುವೆ ಇರುತ್ತಿತ್ತು. ಫ್ಲ್ಯಾಟಿನಲ್ಲಿ ಅಂಥ ಜಾಗ ಇಲ್ಲ. ಇರುವುದರಲ್ಲಿ ಮಲಗುವ ಕೋಣೆಯ ಬೀರುವಿನ ಕೆಳಖಾನೆಯೇ ವಾಸಿ. ಅಡುಗೆಮನೆಯ ಗಾಜಿನ ಕಪಾಟು ನೋಡಲು ಚೆಂದ, ಜಾಮಿನ ಬಣ್ಣಕ್ಕೆ ಶತ್ರು.

ಇಡುವಾಗ ಒಂದೆರಡು ಸಣ್ಣ ಸಂಗತಿ. ಮೇಸನ್ ಬಾಟಲಿಯ ಮುಚ್ಚಳ ಎರಡು ತುಂಡು, ಮೇಲೊಂದು ತಟ್ಟೆ, ಅದನ್ನು ಹಿಡಿಯುವ ತಿರುಪು ಬಳೆ. ಬಾಟಲಿ ಆರಿ, ತಟ್ಟೆ ಒಳಕ್ಕೆ ಎಳೆದುಕೊಂಡ ಮೇಲೆ ಬಳೆಯನ್ನು ತೆಗೆದಿಡಬೇಕು. ಬಳೆ ಇದ್ದರೆ ಅದರ ಸಂದಿಯಲ್ಲಿ ತುಕ್ಕು ಹಿಡಿಯುತ್ತದೆ, ಒಳಗೆ ಮುದ್ರೆ ಬಿಟ್ಟುಹೋಗಿದ್ದರೂ ಬಳೆಯ ಬಿಗಿಯಿಂದ ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ತಟ್ಟೆಯನ್ನು ಎರಡನೇ ಸಲ ಬಳಸಬಾರದು, ಅಂಚಿನ ರಬ್ಬರ್ ಒಮ್ಮೆ ಒತ್ತಿ ಕೂತ ಮೇಲೆ ಮತ್ತೆ ಹಾಗೆ ಕೂರುವುದಿಲ್ಲ. ಹಳೆ ಜಾಮ್ ಬಾಟಲಿ, ಹಾರ್ಲಿಕ್ಸ್ ಬಾಟಲಿ ಸಕ್ಕರೆ ಪಾಕಕ್ಕೆ, ಚಟ್ನಿಪುಡಿಗೆ ಸರಿ. ಕುದಿಸಿ ಮುದ್ರೆ ಹಾಕುವ ಕೆಲಸಕ್ಕೆ ಬೇಡ. ಉಪ್ಪಿನಕಾಯಿಗೆ ತಗಡಿನ ಮುಚ್ಚಳ ಎಂದೂ ಬೇಡ, ಹುಳಿ, ಉಪ್ಪು ಎರಡೂ ಸೇರಿ ಅದನ್ನು ತಿಂದುಹಾಕುತ್ತವೆ. ಪಿಂಗಾಣಿ ಭರಣಿಗೆ ಸಾಟಿಯಾದದ್ದು ಇನ್ನೂ ಬಂದಿಲ್ಲ. ಅದಕ್ಕೆ ಬೆಳಕು ತೂರುವುದಿಲ್ಲ, ಹುಳಿ ಹತ್ತುವುದಿಲ್ಲ, ಹೊರಗಿನ ಸೆಕೆ ಒಳಕ್ಕೆ ನಿಧಾನ ಇಳಿಯುತ್ತದೆ.

ಬಾಟಲಿಯ ಮೇಲೆ ಚೀಟಿ ಅಂಟಿಸಿ ತಿಂಗಳು, ವರ್ಷ ಬರೆಯಿರಿ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಬರೆಯುವವರು ಕಡಿಮೆ. ತಾರೀಖಿನ ಜೊತೆ ಏನೇನು ಹಾಕಿದ್ದು, ನಿಂಬೆಹುಳಿ ಎಷ್ಟು ಎಂಬುದನ್ನೂ ಬರೆದರೆ ಮುಂದೆ ಅನುಮಾನ ಬಂದಾಗ ಅದೇ ಉತ್ತರ ಹೇಳುತ್ತದೆ. ಬಳಸುವ ದಿನ ಮೊದಲು ಮುಚ್ಚಿದ ಬಾಟಲಿಯನ್ನೇ ನೋಡಬೇಕು. ಮುಚ್ಚಳದ ನಡು ತಗ್ಗಿರಬೇಕು, ಬೆರಳಲ್ಲಿ ಒತ್ತಿದರೆ ಟಿಕ್ ಟಿಕ್ ಎಂದು ಮೇಲೆ ಕೆಳಗೆ ಆಡಬಾರದು. ಒಳಗೆ ಮೇಲಕ್ಕೇಳುವ ಗುಳ್ಳೆಗಳು, ತಿಳಿಯಾಗಿದ್ದ ರಸ ಕದಡಿರುವುದು, ಬಾಟಲಿಯ ಮೈಮೇಲೆ ಸೋರಿ ಒಣಗಿದ ಗೆರೆ ಇವೆಲ್ಲ ಕೆಟ್ಟ ಗುರುತು. ತೆರೆಯುವಾಗ ಗಾಳಿ ಒಳಗೆ ಹೋಗುವ ಸದ್ದು ಬರಬೇಕು. ರಸ ಹೊರಗೆ ಚಿಮ್ಮಿದರೆ ಅಲ್ಲಿಗೇ ನಿಲ್ಲಿಸಿ. ಇದೆಲ್ಲ ಸರಿಯಿದ್ದೂ, ಹುಳಿಯಿಲ್ಲದ ಪದಾರ್ಥವನ್ನು ಯಾರೋ ಬರೀ ನೀರಲ್ಲಿ ಕುದಿಸಿ ಮುಚ್ಚಿ ಕೊಟ್ಟದ್ದು ಎಂದು ಗೊತ್ತಾದರೆ ಆ ಬಾಟಲಿಯನ್ನು ಗುರುತುಗಳಿಂದ ಅಳೆಯಬೇಡಿ. ಅದನ್ನು ಹೇಗೆ ಮಾಡಿದ್ದು ಎಂಬುದೊಂದೇ ಅಲ್ಲಿ ಪರೀಕ್ಷೆ. ವಿಷ 10 ನಿಮಿಷ ಕುದಿಸಿದರೆ ಹೋಗುತ್ತದೆ ಎಂಬುದು ನಿಜವೇ ಆದರೂ, ಕೆಟ್ಟಿದೆ ಎಂದು ಗೊತ್ತಿದ್ದದ್ದನ್ನು ಕುದಿಸಿ ಉಳಿಸಿಕೊಳ್ಳುವ ಜಿಪುಣತನಕ್ಕೆ ಅದನ್ನು ನೆಪ ಮಾಡಿಕೊಳ್ಳಬಾರದು. ಹೀಗೆ ಏನನ್ನಾದರೂ ತಿಂದ 12ರಿಂದ 36 ಗಂಟೆಯೊಳಗೆ ಕಣ್ಣಿಗೆ ಎರಡೆರಡು ಕಾಣತೊಡಗಿದರೆ, ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ, ಗುಟುಕು ಗಂಟಲಲ್ಲಿ ಇಳಿಯದಿದ್ದರೆ, ಜ್ವರವಿಲ್ಲ ಎಂದು ಸುಮ್ಮನೆ ಕೂರದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಏನು ತಿಂದದ್ದು ಎಂದು ವೈದ್ಯರಿಗೆ ಹೇಳಬೇಕು. ಈ ಕಾಯಿಲೆಗೆ ಜ್ವರ ಬರುವುದಿಲ್ಲ.

ಅನುಮಾನದ ಬಾಟಲಿಯನ್ನು ಬಿಸಾಡುವುದರಲ್ಲೂ ಒಂದು ಕ್ರಮವಿದೆ. ಅದನ್ನು ತೆರೆದು ಸಿಂಕಿಗೆ ಸುರಿಯಬಾರದು. ಮುಚ್ಚಳ ಸಮೇತ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೂ ನಾಯಿಯ ಬಾಯಿಗೂ ಸಿಗದಂತೆ ಕಸಕ್ಕೆ ಹಾಕಬೇಕು. ಆಗಲೇ ಚೆಲ್ಲಿದ್ದರೆ ಕೈಗವಸು ಹಾಕಿಕೊಂಡು, ಬ್ಲೀಚ್ ಬೆರೆಸಿದ ನೀರು ಸುರಿದು, ಅರ್ಧ ಗಂಟೆ ಬಿಟ್ಟು ಒರೆಸಬೇಕು, ಒರೆಸಿದ ಬಟ್ಟೆಯನ್ನೂ ಬಿಸಾಡಬೇಕು. ಹಳ್ಳಿಮನೆಗಳಲ್ಲಿ ಮಿಕ್ಕ ಅನ್ನಸಾರು ಸೇರುವುದು ಅಕ್ಕಚ್ಚಿನ ಬಕೆಟ್ಟಿಗೆ, ಅಲ್ಲಿಂದ ಕೊಟ್ಟಿಗೆಗೆ. ಈ ಬಾಟಲಿಯಲ್ಲಿದ್ದದ್ದು ಆ ಬಕೆಟ್ಟಿಗೆ ಬೀಳಕೂಡದು. ಬೊಟುಲಿಸಂ ದನಗಳಿಗೂ ಬರುತ್ತದೆ, ಬಂದ ದನ ಸಾಮಾನ್ಯವಾಗಿ ಉಳಿಯುವುದಿಲ್ಲ.